ಫೋಟೋ ಮಬ್ಬಾಗಿ ಬರುತ್ತಿದೆಯೇ? ಸಾದಾ ಕ್ಯಾಮೆರಾದಲ್ಲಿ ಕಲಿಯುವ ಕ್ರಮ ಹೀಗಿದೆ

ತಂಗಿಯ ಮಗನ ನಾಮಕರಣಕ್ಕೆ ಹೊಸ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೋಗಿದ್ದೆ. ಮುನ್ನೂರಕ್ಕೂ ಜಾಸ್ತಿ ಫೋಟೋ ತೆಗೆದೆ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡವು. ರಾತ್ರಿ ಕಂಪ್ಯೂಟರಿಗೆ ಹಾಕಿ ನೋಡಿದರೆ ಮುಕ್ಕಾಲು ಪಾಲು ಮಬ್ಬು. ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಿದ್ದ ಅಜ್ಜಿಗೆ ಎರಡೆರಡು ಮೂಗು. "ಅಣ್ಣಾ, ಮೊಬೈಲಲ್ಲೇ ತೆಗೆದಿದ್ರೆ ಆಗ್ತಿತ್ತಲ್ಲೋ" ಅಂದಳು ತಂಗಿ. ಅವಳು ಹೇಳಿದ್ದು ಸರಿಯೇ.

ಈಗ ಪರಿಚಯದವರು ತಮ್ಮ ಫೋಟೋ ತೋರಿಸಿ "ಏನು ತಪ್ಪಾಗಿದೆ ನೋಡಿ" ಎಂದಾಗಲೂ ಹತ್ತರಲ್ಲಿ ಏಳು ಸಲ ಇದೇ ತಪ್ಪು ಕಾಣುತ್ತದೆ. ಅದನ್ನು ಸರಿಮಾಡಲು ಅವರು ಮಾಡುವುದು ಮೂರು ಕೆಲಸ. ಹೊಸ ಲೆನ್ಸ್ ಕೊಳ್ಳುತ್ತಾರೆ, ಎಲ್ಲವನ್ನೂ ಕೈಯಿಂದಲೇ ಹೊಂದಿಸುವ ಮ್ಯಾನುಯಲ್ ಮೋಡಿಗೆ ಹಾರುತ್ತಾರೆ, ಇಲ್ಲವೇ ಎಡಿಟಿಂಗ್ ಆ್ಯಪ್ ಹಾಕಿಕೊಳ್ಳುತ್ತಾರೆ. ಮೂರೂ ಆಮೇಲಿನ ಮಾತು. ಮೊದಲು ಫೋಟೋ ಶಾರ್ಪ್ ಆಗಿ ಬರಬೇಕು. ಆಮೇಲೆ ಬೆಳಕಿನ ಪ್ರಮಾಣ, ಆಮೇಲೆ ಬೆಳಕಿನ ಆಯ್ಕೆ, ಫ್ರೇಮ್ ಕೊನೆಗೆ. ಈ ಕ್ರಮ ತಪ್ಪಿಸಿದರೆ ವರ್ಷಗಟ್ಟಲೆ ಅಲ್ಲೇ ಸುತ್ತುತ್ತೀರಿ.

ನಿಮ್ಮಲ್ಲಿ 18-55 ಲೆನ್ಸ್ (ಇದನ್ನೇ ಕಿಟ್ ಲೆನ್ಸ್ ಅನ್ನುತ್ತಾರೆ; 18 ಅಂದರೆ ಅಗಲ ನೋಟ, 55 ಅಂದರೆ ಹತ್ತಿರಕ್ಕೆ ಎಳೆದ ನೋಟ) ಜೊತೆಗೆ ಬರುವ ಸಾದಾ ಡಿಎಸ್ಎಲ್ಆರ್ ಅಥವಾ ಮಿರರ್‌ಲೆಸ್ ಇದೆ ಎಂದುಕೊಂಡು ಬರೆಯುತ್ತಿದ್ದೇನೆ.

1. ಬೇಕಾದ ಸಾಮಾನು, ಬೇಡದ ಸಾಮಾನು

ಬೇಕಾದದ್ದು ಕಡಿಮೆ. ಕ್ಯಾಮೆರಾ, ಕಿಟ್ ಲೆನ್ಸ್, ಒಳ್ಳೆಯ ಕಂಪನಿಯ 32 ಜಿಬಿ ಕಾರ್ಡ್, ಗಾಳಿ ಊದುವ ರಬ್ಬರ್ ಬ್ಲೋವರ್, ಕನ್ನಡಕ ಒರೆಸುವಂಥ ಮೈಕ್ರೋಫೈಬರ್ ಬಟ್ಟೆ. ಇಷ್ಟೇ.

ಟ್ರೈಪಾಡ್, ಬಗೆಬಗೆಯ ಫಿಲ್ಟರ್, ದೊಡ್ಡ ಬ್ಯಾಗ್, ಉದ್ದದ ಜೂಮ್ ಲೆನ್ಸ್ ಸದ್ಯಕ್ಕೆ ಬೇಡ. ಅಗ್ಗದ ಟ್ರೈಪಾಡ್ ಅಂತೂ ಕೊಳ್ಳಲೇಬೇಡಿ. ಗಾಳಿ ಬೀಸಿದರೆ ಅದೇ ಅಲುಗಾಡುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ. ಲೆನ್ಸ್ ಬಿಚ್ಚಿ, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಆ ಲೆನ್ಸ್ ಬೇಡ. ಆಮೇಲೆ ಲೆನ್ಸ್ ಹಾಕಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ; ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಎಫ್/16 ಇಟ್ಟು ಬಿಳಿ ಗೋಡೆಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಬೂದು ಬಣ್ಣದ ಚುಕ್ಕೆಗಳಿದ್ದರೆ ಸೆನ್ಸರ್ (ಬೆಳಕು ಹಿಡಿದು ಫೋಟೋ ಮಾಡುವ ಚಿಪ್) ಮೇಲೆ ಧೂಳು ಕೂತಿದೆ ಎಂದರ್ಥ. ಧೂಳು ದೊಡ್ಡ ದೋಷವಲ್ಲ, ಕ್ಲೀನಿಂಗ್ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ಮೂರನೆಯದು ಬ್ಯಾಟರಿ. ಹೊರಗೆ ತೆಗೆದು ಮೇಜಿನ ಮೇಲಿಡಿ. ಉಬ್ಬಿದ ಬ್ಯಾಟರಿ ಸಮತಟ್ಟಾಗಿ ಕೂರುವುದಿಲ್ಲ.

2. ಮೊದಲ ಸಂಜೆ: ಹೊರಗೆ ಹೋಗುವ ಮುನ್ನ

ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್ ಪಕ್ಕದಲ್ಲಿ ಒಂದು ಚಿಕ್ಕ ತಿರುಗಣೆ ಇರುತ್ತದೆ. ಅದನ್ನು ಡಯಾಪ್ಟರ್ ಅನ್ನುತ್ತಾರೆ. ಅದು ಇದೆ ಎಂದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟು, ಒಳಗೆ ಕಾಣುವ ಅಂಕಿಗಳು ಸ್ಪಷ್ಟವಾಗುವವರೆಗೆ ಅದನ್ನು ತಿರುಗಿಸಿ. ನೋಡಬೇಕಾದದ್ದು ಅಂಕಿಗಳನ್ನು, ಎದುರಿನ ದೃಶ್ಯವನ್ನಲ್ಲ. ಕನ್ನಡಕ ಹಾಕುವವರು ಇದನ್ನು ಬಿಟ್ಟರೆ ಫೋಕಸ್ ಸರಿ ಇದ್ದರೂ ತಪ್ಪಿದಂತೆ ಕಾಣುತ್ತದೆ.

ಆಮೇಲೆ ಮೆನು ತೆರೆದು ಈ ಕ್ರಮದಲ್ಲಿ ಹೋಗಿ. ದಿನಾಂಕ ಮತ್ತು ಸಮಯ ಸರಿಮಾಡಿ. ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಕ್ವಾಲಿಟಿಯನ್ನು ಜೆಪೆಗ್ ಫೈನ್‌ಗೆ ಇಡಿ. ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದೆ ಹಾಗೇ ಬಿಟ್ಟ ಫೈಲು) ತೆಗೆಯಬೇಕು ಅಂತ ಯಾರಾದರೂ ಒತ್ತಾಯ ಮಾಡಿದರೆ ಮೂರು ತಿಂಗಳು ಬಿಟ್ಟು ನೋಡೋಣ ಎನ್ನಿ. ರಾ ಒಳ್ಳೆಯದೇ, ಆದರೆ ಪ್ರತಿ ಫೋಟೋವನ್ನೂ ಕಂಪ್ಯೂಟರಿನಲ್ಲಿ ತಿದ್ದಬೇಕು. ಆ ಬೇಜಾರಿಗೆ ಕ್ಯಾಮೆರಾ ಬೀರು ಸೇರಿದ್ದನ್ನು ನೋಡಿದ್ದೇನೆ.

ಕೊನೆಗೆ ಹಸಿರು ಬಣ್ಣದ ಆಟೋ ಮೋಡಿನಿಂದ ಹೊರಗೆ ಬನ್ನಿ. ಯಾವ ಮೋಡಿಗೆ ಹೋಗಬೇಕು ಎಂಬುದು ನಾಲ್ಕನೇ ಹಂತದಲ್ಲಿದೆ. ಆಟೋದಲ್ಲಿ ಕ್ಯಾಮೆರಾ ಏನು ಮಾಡಿತು ಎಂದು ನಿಮಗೆ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ಕತ್ತಲಾಯಿತೆಂದರೆ ತಾನೇ ಫ್ಲ್ಯಾಶ್ ಎತ್ತಿ ಎಲ್ಲರ ಮುಖವನ್ನೂ ಸುಣ್ಣದ ಗೋಡೆ ಮಾಡಿಬಿಡುತ್ತದೆ.

3. ಹಿಡಿಯುವುದು, ಒತ್ತುವುದು

ಬಲಗೈಯಲ್ಲಿ ಹಿಡಿ, ಎಡ ಅಂಗೈ ಲೆನ್ಸಿನ ಕೆಳಗೆ. ತುಂಬಿದ ಚೊಂಬನ್ನು ತಳದಲ್ಲಿ ಹಿಡಿದಂತೆ. ಹೆಚ್ಚಿನವರು ಎಡಗೈಯಿಂದಲೂ ಕ್ಯಾಮೆರಾದ ಅಂಚನ್ನೇ ಹಿಡಿಯುತ್ತಾರೆ, ಆಗ ಲೆನ್ಸಿನ ಭಾರ ಮುಂದಕ್ಕೆ ಜಗ್ಗುತ್ತದೆ. ಎರಡೂ ಮೊಣಕೈ ಪಕ್ಕೆಗೆ ತಾಗಿರಲಿ. ಗೋಡೆ, ಕಂಬ ಸಿಕ್ಕರೆ ಒರಗಿಕೊಳ್ಳಿ.

ಬಟನ್ನಿಗೆ ಎರಡು ಹಂತ ಇದೆ. ಅರ್ಧ ಒತ್ತಿದರೆ ಫೋಕಸ್ ಆಗುತ್ತದೆ, ಬೀಪ್ ಸದ್ದು ಅಥವಾ ಹಸಿರು ಗುರುತು ಬರುತ್ತದೆ. ಅಲ್ಲಿ ನಿಂತು, ಉಸಿರು ಬಿಡುತ್ತಾ ಉಳಿದರ್ಧ ಮೆಲ್ಲಗೆ ಒತ್ತಿ. ಕರೆಗಂಟೆ ಒತ್ತಿದ ಹಾಗೆ ಒಂದೇ ಏಟಿಗೆ ಒತ್ತಿದರೆ ಇಡೀ ಕ್ಯಾಮೆರಾ ಕೆಳಕ್ಕೆ ಕುಸಿಯುತ್ತದೆ. ನನ್ನ ನಾಮಕರಣದ ಫೋಟೋಗಳಲ್ಲಿ ಅರ್ಧ ಹಾಳಾಗಿದ್ದು ಇದರಿಂದಲೇ.

4. ಮೂರು ಬಗೆಯ ಮಬ್ಬು

ಈ ಹಂತಕ್ಕೆ ಎರಡು ವಾರ ಕೊಡಿ. ಉಳಿದ ಎಲ್ಲವೂ ಇದರ ಮೇಲೆ ನಿಂತಿದೆ.

ಮಬ್ಬಾದ ಫೋಟೋವನ್ನು ಅಳಿಸಬೇಡಿ. ಪರದೆಯಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡಿ. ಗೋಡೆ, ಬಾಗಿಲು, ಮನುಷ್ಯರು ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ಅಲುಗಿದೆ. ಗೋಡೆ ಶಾರ್ಪ್ ಇದ್ದು ಮಗುವಿನ ಕೈ ಮಾತ್ರ ಕಲಸಿದ್ದರೆ ಮಗು ಅಲುಗಿದೆ. ಮುಖ ಮಬ್ಬಾಗಿ, ಹಿಂದಿನ ಕ್ಯಾಲೆಂಡರಿನ ಅಕ್ಷರ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿ ಕೂತಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದು ಎಂದು ತಿಳಿಯದೆ ಸೆಟ್ಟಿಂಗ್ ಬದಲಿಸುವುದು ಜ್ವರ ನೋಡದೆ ಮಾತ್ರೆ ನುಂಗಿದ ಹಾಗೆ.

ಮೊದಲೆರಡಕ್ಕೆ ಕಾರಣ ಶಟರ್ ಸ್ಪೀಡ್, ಅಂದರೆ ಬೆಳಕು ಬಿಡುವ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು. 1/60 ಎಂದರೆ ಸೆಕೆಂಡಿನ ಅರವತ್ತರಲ್ಲಿ ಒಂದು ಪಾಲು. ಅದನ್ನು ಕಣ್ಣಾರೆ ನೋಡಲು ನಿಮ್ಮ ಮನೆಯ ಸೀಲಿಂಗ್ ಫ್ಯಾನ್ ಸಾಕು. ಹಗಲು ಹೊತ್ತಿನಲ್ಲಿ ಕಿಟಕಿಗಳನ್ನೆಲ್ಲ ತೆರೆಯಿರಿ. ಫ್ಯಾನನ್ನು ರೆಗ್ಯುಲೇಟರಿನ 1ಕ್ಕೆ ಇಡಿ. ಕ್ಯಾಮೆರಾ ಡಯಲನ್ನು, ಶಟರ್ ಸ್ಪೀಡನ್ನು ನೀವೇ ಆರಿಸುವ 'ಎಸ್'ಗೆ ತಿರುಗಿಸಿ, ಕ್ಯಾನನ್‌ನಲ್ಲಿ ಅದೇ 'ಟಿವಿ' ಎಂದಿರುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋದಲ್ಲಿರಲಿ. ಚಾಪೆಯ ಮೇಲೆ ಮಲಗಿ ನಾಲ್ಕು ಫೋಟೋ ತೆಗೆಯಿರಿ: 1/15, 1/60, 1/250, 1/1000.

1/15ರಲ್ಲಿ ರೆಕ್ಕೆಗಳು ಅಗಲವಾಗಿ ಹರಡಿ, ಬರೀ ಬೂದು ಕಲೆಗಳಾಗಿರುತ್ತವೆ. 1/60ರಲ್ಲಿ ರೆಕ್ಕೆ ಇದೆ ಎಂದು ಗೊತ್ತಾಗುತ್ತದೆ. 1/250ರಲ್ಲಿ ಅಂಚು ಮಾತ್ರ ಕಲಸಿರುತ್ತದೆ. 1/1000ರಲ್ಲಿ ಫ್ಯಾನ್ ನಿಂತೇ ಹೋಗಿದೆ, ರೆಕ್ಕೆಯ ಮೇಲಿನ ಧೂಳೂ ಕಾಣುತ್ತದೆ. ಮನೆಯವರಿಗೆ ತೋರಿಸಬೇಡಿ, ಒರೆಸಲು ನಿಮಗೇ ಹೇಳುತ್ತಾರೆ. ಜೊತೆಗೆ ಇನ್ನೊಂದು ಗಮನಿಸಿ. ವೇಗ ಹೆಚ್ಚಿದಂತೆ ಫೋಟೋದಲ್ಲಿ ಕಾಳು ಕಾಳಾಗಿ ಮರಳು ಚೆಲ್ಲಿದಂತಾಗುತ್ತದೆ. ಕಿಟಕಿಯ ಬೆಳಕು ಸಾಲದಿದ್ದರೆ ಕಪ್ಪೂ ಆಗುತ್ತದೆ. ಬಾಗಿಲು ಬೇಗ ಮುಚ್ಚಿದರೆ ಬೆಳಕು ಕಮ್ಮಿ ಒಳಗೆ ಬರುತ್ತದೆ, ಅಲ್ವಾ? ಆ ಕೊರತೆ ತುಂಬಲು ಕ್ಯಾಮೆರಾ ಐಎಸ್‌ಒ ಏರಿಸುತ್ತದೆ. ಐಎಸ್‌ಒ ಏರಿದಷ್ಟೂ ಮರಳು ಜಾಸ್ತಿ.

ಇನ್ನು ನೆನಪಿಡಬೇಕಾದ ಅಂಕಿಗಳು. ಜೂಮನ್ನು 18ರ ಬಳಿ ಇಟ್ಟು ಅಲುಗದ ವಸ್ತು ತೆಗೆಯಲು 1/30 ಸಾಕು. 55ಕ್ಕೆ ಎಳೆದರೆ 1/100 ಬೇಕು, ಏಕೆಂದರೆ ಇಂಥ ಕ್ಯಾಮೆರಾಗಳ ಸೆನ್ಸರ್ ಚಿಕ್ಕದು, 55 ಎಂಬುದು ಒಂದೂವರೆ ಪಟ್ಟು ಉದ್ದದ ಲೆನ್ಸಿನಂತೆ ಕೆಲಸ ಮಾಡುತ್ತದೆ. ಕೂತು ಮಾತಾಡುವ ಜನರಿಗೆ 1/100. ನಡೆಯುವವರಿಗೆ 1/250. ಓಡುವ ಮಕ್ಕಳಿಗೆ 1/500. ಕಂಬಳದ ಕೋಣಗಳಿಗೆ 1/1000 ಇಟ್ಟರೂ ಕೆಸರಿನ ಹನಿ ಪೂರ್ತಿ ನಿಲ್ಲುವುದು ಕಷ್ಟ.

ಲೆನ್ಸಿನ ಮೇಲೆ ವಿಆರ್, ಐಎಸ್ ಅಥವಾ ಓಎಸ್ಎಸ್ ಎಂದು ಬರೆದಿದ್ದರೆ ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ. ಎದುರಿಗಿರುವವರ ಚಲನೆಯನ್ನು ತಡೆಯುವುದಿಲ್ಲ. "ಸ್ಟೆಬಿಲೈಸೇಶನ್ ಇದ್ದರೂ ಮಬ್ಬು ಬಂತು" ಎನ್ನುವವರ ಗೊಂದಲ ಇದೇ.

ಈಗ ಮದುವೆ ಮನೆಯ ಸಮಸ್ಯೆಗೆ ಬರೋಣ, ಅಂದರೆ ಒಳಗೆ ಬೆಳಕು ಕಮ್ಮಿ ಇರುವುದಕ್ಕೆ. ಕಿಟ್ ಲೆನ್ಸಿನ ಅಂಚಿನಲ್ಲಿ ಸಾಮಾನ್ಯವಾಗಿ 3.5-5.6 ಎಂದಿರುತ್ತದೆ. 18ರಲ್ಲಿ ಅದು ಎಫ್/3.5ರಷ್ಟು ತೆರೆಯುತ್ತದೆ, 55ಕ್ಕೆ ಎಳೆದರೆ ಎಫ್/5.6 ಮಾತ್ರ. ಅಂದರೆ ನೀವು ನಿಂತಲ್ಲೇ ನಿಂತು ಜೂಮ್ ಎಳೆದಾಗ ಒಳಬರುವ ಬೆಳಕು ಸುಮಾರು ಎರಡೂವರೆ ಪಟ್ಟು ಕಡಿಮೆಯಾಗುತ್ತದೆ. ಕೈ ನಡುಕವೂ ಅಲ್ಲೇ ಹೆಚ್ಚಿಗೆ ಕಾಣುತ್ತದೆ. ಎರಡೂ ಕಡೆಯಿಂದ ಪೆಟ್ಟು. ಆದ್ದರಿಂದ ಮನೆಯೊಳಗೆ ಜೂಮ್ ಹಿಂದಕ್ಕೆ ತಂದು, ನೀವೇ ನಾಲ್ಕು ಹೆಜ್ಜೆ ಮುಂದೆ ಹೋಗಿ. 'ಎಸ್' ಮೋಡ್, 1/100, ಆಟೋ ಐಎಸ್‌ಒದ ಗರಿಷ್ಠ ಮಿತಿ 6400. ಮರಳು ಬಂದರೆ ಬರಲಿ. ಮರಳಿರುವ ಫೋಟೋವನ್ನು ಆಲ್ಬಮ್‌ಗೆ ಹಾಕಬಹುದು, ಎರಡು ಮೂಗಿನ ಅಜ್ಜಿಯನ್ನು ಹಾಕಲಾಗುವುದಿಲ್ಲ.

ಎಚ್ಚರಿಕೆಯ ಗುರುತು: ಎಫ್ ಅಂಕಿ ಮಿಣುಕಿದರೆ ಅಥವಾ 'ಲೋ' ಎಂದು ಬಂದರೆ ಬೆಳಕು ಸಾಲುತ್ತಿಲ್ಲ ಎಂದರ್ಥ. ಲೈಟ್ ಹಾಕಿಸಿ, ಇಲ್ಲವೇ ಜನರನ್ನು ಕಿಟಕಿ ಬಳಿ ಕರೆಯಿರಿ.

5. ಫೋಕಸ್: ಅಡುಗೆಮನೆಯ ಡಬ್ಬಿಗಳ ಪಾಠ

ಕ್ಯಾಮೆರಾ ತಾನೇ ಫೋಕಸ್ ಚುಕ್ಕೆ ಆರಿಸುವಂತೆ ಬಿಟ್ಟರೆ ಅದು ಹೆಚ್ಚಾಗಿ ಹತ್ತಿರದ್ದನ್ನೇ ಹಿಡಿಯುತ್ತದೆ. ವರನ ಮುಖದ ಬದಲು ಹಾರದ ಮೇಲೆ ಫೋಕಸ್ ಕೂರುವುದು ಹೀಗೆ. ಮೆನುವಿನಲ್ಲಿ ಸಿಂಗಲ್ ಪಾಯಿಂಟ್ ಆರಿಸಿ, ನಡುವಿನ ಚುಕ್ಕೆ ಇಟ್ಟುಕೊಳ್ಳಿ.

ಐದು ಸ್ಟೀಲ್ ಡಬ್ಬಿಗಳನ್ನು ಮೇಜಿನ ಮೇಲೆ ಓರೆ ಸಾಲಿನಲ್ಲಿ ಜೋಡಿಸಿ, ಒಂದರ ಹಿಂದೆ ಒಂದು ಗೇಣು ದೂರ. ಹೊಳೆಯುವ ನುಣುಪಿನ ಮೇಲೆ ಫೋಕಸ್ ಹಿಡಿಯುವುದಿಲ್ಲ, ಅದಕ್ಕೆ ಪ್ರತಿ ಡಬ್ಬಿಗೂ ಒಂದು ಚೀಟಿ ಅಂಟಿಸಿ: ಸಾಸಿವೆ, ಜೀರಿಗೆ, ಮೆಂತ್ಯ, ಉದ್ದು, ಕಡಲೆ. ಡಯಲ್, ಅಪರ್ಚರನ್ನು ನೀವೇ ಆರಿಸುವ 'ಎ'ಗೆ, ಕ್ಯಾನನ್‌ನಲ್ಲಿ 'ಎವಿ'. ಜೂಮ್ 55, ಎಫ್/5.6. ಮೊದಲ ಡಬ್ಬಿಯಿಂದ ಅರ್ಧ ಮೀಟರ್ ದೂರ ಕೂತು ಸಾಸಿವೆಗೆ ಫೋಕಸ್ ಮಾಡಿ, ಆಮೇಲೆ ಮೆಂತ್ಯಕ್ಕೆ. ಸಾಸಿವೆಗೆ ಹಿಡಿದಾಗ ಜೀರಿಗೆ ಓದಲು ಬರುವುದಿಲ್ಲ. ಆ ದೂರದಲ್ಲಿ ಶಾರ್ಪ್ ಆಗಿರುವುದು ಸುಮಾರು 2 ಸೆಂ.ಮೀ. ಆಳ ಮಾತ್ರ. ಅಂದರೆ ಇಷ್ಟು ಹತ್ತಿರದಿಂದ ಮುಖ ತೆಗೆದರೆ ಮೂಗು ಶಾರ್ಪ್, ಕಣ್ಣು ಮಬ್ಬು. ಎಫ್/16ಕ್ಕೆ ಹೋದರೂ ಐದೂ ಡಬ್ಬಿ ಒಟ್ಟಿಗೆ ಸಿಗುವುದಿಲ್ಲ. ಎರಡು ಮೀಟರ್ ಹಿಂದೆ ಸರಿದು ಜೂಮ್ ಕಡಿಮೆ ಮಾಡಿ, ಹೆಚ್ಚುಕಮ್ಮಿ ಎಲ್ಲವೂ ಸಿಗುತ್ತವೆ. ಹಿನ್ನೆಲೆ ಮಸುಕಾಗಬೇಕೆಂದರೆ ಹತ್ತಿರ ಹೋಗಬೇಕು, ಎಲ್ಲ ಕಾಣಬೇಕೆಂದರೆ ದೂರ ಸರಿಯಬೇಕು ಎಂಬುದನ್ನು ಈ ಡಬ್ಬಿಗಳೇ ಕಲಿಸುತ್ತವೆ.

ಮುಖ ತೆಗೆಯುವಾಗ ಚುಕ್ಕೆ ಕಣ್ಣಿನ ಮೇಲಿರಲಿ. ಅರ್ಧ ಒತ್ತಿ ಫೋಕಸ್ ಹಿಡಿದು, ಬಟನ್ ಬಿಡದೆ ಕ್ಯಾಮೆರಾವನ್ನು ಬೇಕಾದ ಕಡೆ ಸ್ವಲ್ಪ ತಿರುಗಿಸಿ, ಪೂರ್ತಿ ಒತ್ತಿ. ಫೋಕಸ್ ಆದಮೇಲೆ ನೀವಾಗಲಿ ಅವರಾಗಲಿ ಹಿಂದೆ ಮುಂದೆ ಸರಿದರೆ ಮತ್ತೆ ಮೊದಲಿಂದ.

ಲೆನ್ಸ್ ಗುರ್ ಎಂದು ಹಿಂದೆ ಮುಂದೆ ಓಡಿ ಫೋಕಸ್ ಹಿಡಿಯದೆ ಇದ್ದರೆ ಕೆಟ್ಟಿದೆ ಎಂದು ಹೆದರಬೇಡಿ. ತೀರಾ ಹತ್ತಿರ ಹೋಗಿರುತ್ತೀರಿ. ಕಿಟ್ ಲೆನ್ಸಿಗೆ ಸುಮಾರು 25ರಿಂದ 30 ಸೆಂ.ಮೀ. ದೂರ ಬೇಕೇ ಬೇಕು. ಅಥವಾ ಲೆನ್ಸಿನ ಪಕ್ಕದ ಸ್ವಿಚ್ ಬ್ಯಾಗಿಗೆ ತಗುಲಿ 'ಎಂಎಫ್'ಗೆ (ಕೈಯಿಂದ ಫೋಕಸ್ ಮಾಡುವ ಸ್ಥಿತಿಗೆ) ಜಾರಿರುತ್ತದೆ.

6. ಬಿಳಿ ಪಂಚೆ, ಕಪ್ಪು ಕಲ್ಲು

ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಲೋಕವೆಲ್ಲ ಬೂದು. ಎದುರಿಗೆ ಏನಿದ್ದರೂ ಅದನ್ನು ನಡುಬಣ್ಣದ ಬೂದಿಗೆ ತರಲು ನೋಡುತ್ತದೆ. ಹಾಗಾಗಿ ಬಿಳಿ ಪಂಚೆ ಉಟ್ಟ ಅಜ್ಜನನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿದರೆ ಪಂಚೆ ಕೊಳೆಯಾದಂತೆ ಬರುತ್ತದೆ, ಅಜ್ಜನ ಮುಖ ಕಪ್ಪಾಗುತ್ತದೆ. ಹಳೇಬೀಡಿನ ಕಪ್ಪು ಕಲ್ಲಿನ ಕೆತ್ತನೆ ತುಂಬ ಫ್ರೇಮ್ ಹಾಕಿದರೆ ಕಲ್ಲು ಬಿಳಿಚಿಕೊಳ್ಳುತ್ತದೆ.

ಮದ್ದು ಪ್ಲಸ್-ಮೈನಸ್ ಗುರುತಿನ ಬಟನ್. ಬಿಳಿ ಜಾಸ್ತಿ ಇದ್ದರೆ +0.7ರಿಂದ +1. ಕಪ್ಪು ಜಾಸ್ತಿ ಇದ್ದರೆ -0.7ರಿಂದ -1. ಕೇಳಿದರೆ ತಲೆಕೆಳಗು ಅನಿಸುತ್ತದೆ, ಬಿಳಿಗೆ ಮತ್ತೆ ಬೆಳಕು ಹೆಚ್ಚಿಸುವುದೇ ಎಂದು. ಒಮ್ಮೆ ಮಾಡಿ ನೋಡಿ, ಆಮೇಲೆ ಮರೆಯುವುದಿಲ್ಲ. ಮಡಿಕೇರಿಯ ಮಂಜಿಗೂ ಪ್ಲಸ್ಸೇ.

ಫೋಟೋ ನೋಡುವ ಪರದೆಯಲ್ಲಿ ಹೈಲೈಟ್ ಎಚ್ಚರಿಕೆಯನ್ನು ಆನ್ ಮಾಡಿಕೊಳ್ಳಿ. ಬೆಳಕು ಮಿತಿ ಮೀರಿದ ಜಾಗ ಕಪ್ಪು ಬಿಳಿಯಾಗಿ ಮಿಣುಕುತ್ತದೆ. ಆಕಾಶ ಮಿಣುಕಿದರೆ ಸಹಿಸಬಹುದು. ಮುಖವೋ ಬಟ್ಟೆಯೋ ಮಿಣುಕಿದರೆ ಮೈನಸ್ ಮಾಡಿ ಇನ್ನೊಂದು ತೆಗೆಯಿರಿ. ಹೆಚ್ಚಿನವರು ಮಾಡುವ ತಪ್ಪು ಎಂದರೆ, ಮುಗಿದ ಮೇಲೆ ಸೊನ್ನೆಗೆ ತರಲು ಮರೆಯುವುದು. ಮರುದಿನದ ಫೋಟೋಗಳೆಲ್ಲ ಬಿಳಿಚಿದ್ದರೆ ಮೊದಲು ಇದನ್ನು ನೋಡಿ.

7. ಬೆಳಕು ಆರಿಸುವುದು

ಬೆಂಗಳೂರಿನಲ್ಲಿ ಜೂನ್ ಮೊದಲ ವಾರ 5.50ರ ಸುಮಾರಿಗೆ ಸೂರ್ಯ ಹುಟ್ಟುತ್ತಾನೆ, ಜನವರಿ ಕೊನೆಗೆ 6.45ರ ಸುಮಾರಿಗೆ. ಅಲ್ಲಿಂದ ಒಂದು ಗಂಟೆ, ಸಂಜೆ ಮುಳುಗುವ ಮುಂಚಿನ ಒಂದು ಗಂಟೆ, ಓರೆ ಬಿಸಿಲಿನ ಹೊತ್ತು. ಕೆತ್ತನೆಯ ಉಬ್ಬುತಗ್ಗು ಕಾಣುವುದು ಆಗಲೇ. ಏಪ್ರಿಲ್ 24-25 ಮತ್ತು ಆಗಸ್ಟ್ 18ರ ಆಸುಪಾಸು ನಡುಹಗಲಲ್ಲಿ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ, ಆದರೆ ಮನುಷ್ಯರ ಕಣ್ಣಗುಳಿಯಲ್ಲಿ ಮಾತ್ರ ಗಾಢ ಕಪ್ಪು. ಅಂಥ ಹೊತ್ತಿನಲ್ಲಿ ಜನರನ್ನು ಜಗುಲಿಗೆ, ಮರದ ಕೆಳಗೆ ಕರೆತನ್ನಿ.

ಮನೆಯೊಳಗೆ ಕಿಟಕಿಯೇ ದೊಡ್ಡ ಆಸ್ತಿ. ಕಿಟಕಿಗೆ ಬೆನ್ನು ಹಾಕಿ ಕೂರಿಸಬೇಡಿ, ಪಕ್ಕೆ ಹಾಕಿ ಕೂರಿಸಿ. ಒಳಗಿನ ಟ್ಯೂಬ್‌ಲೈಟ್ ಆರಿಸಿ. ಎರಡು ಬಣ್ಣದ ಬೆಳಕು ಬೆರೆತರೆ ಮುಖದ ಅರ್ಧ ನೀಲಿ, ಅರ್ಧ ಹಳದಿ.

ಎಲ್ಇಡಿ ಬಲ್ಬಿನ ಕೆಳಗೆ ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬಂದರೆ ಸೆನ್ಸರ್ ಹೋಯಿತು ಎಂದು ಸರ್ವಿಸ್ ಸೆಂಟರಿಗೆ ಓಡಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರನ್ನು 1/100 ಅಥವಾ 1/50ಕ್ಕೆ ತನ್ನಿ, ಪಟ್ಟೆ ಹೋಗುತ್ತದೆ. ಮದುವೆ ಮನೆಗೆ 1/100 ಎಂದು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಡಿಎಸ್ಎಲ್ಆರ್‌ನ ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ಸೂರ್ಯನನ್ನು ನೇರವಾಗಿ ನೋಡಲೇಬೇಡಿ. ಲೆನ್ಸ್ ಭೂತಗನ್ನಡಿಯ ಕೆಲಸ ಮಾಡುತ್ತದೆ. ಕಣ್ಣಿಗೆ ಅಪಾಯ.

8. ಫ್ರೇಮ್, ಮತ್ತು ಜನರ ಮುಂದೆ ಕ್ಯಾಮೆರಾ ಎತ್ತುವುದು

ಇದರಲ್ಲಿ ಎರಡೇ ಮಾತು. ಬಟನ್ ಒತ್ತುವ ಮುನ್ನ ಫ್ರೇಮಿನ ನಾಲ್ಕು ಅಂಚನ್ನೂ ಒಮ್ಮೆ ಸುತ್ತಿ ಬನ್ನಿ. ತಲೆಯ ಮೇಲೆ ಕಂಬ ಹುಟ್ಟಿದೆಯೇ, ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಇಣುಕಿದೆಯೇ ನೋಡಿ. ಇದ್ದರೆ ಅರ್ಧ ಹೆಜ್ಜೆ ಸರಿಯಿರಿ, ಅಷ್ಟೇ. ಎರಡನೆಯದು, ಜೂಮ್ ರಿಂಗಿಗೆ ಟೇಪ್ ಸುತ್ತಿ ಒಂದು ತಿಂಗಳು 35ರಲ್ಲೇ ತೆಗೆಯಿರಿ. ಕಾಲು ನಡೆಯಲು ಕಲಿಯುತ್ತದೆ.

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ದೂರದಿಂದ ಕದ್ದು ತೆಗೆದ ಫೋಟೋಗಳು ನನ್ನಲ್ಲಿ ಒಂದೂ ಉಳಿದಿಲ್ಲ. ಒಂದು ಮೊಳ ಮಲ್ಲಿಗೆ ಕೊಂಡು, "ಅಮ್ಮಾ, ನೀವು ಹೂ ಕಟ್ಟೋದು ಒಂದು ಫೋಟೋ ತೆಗೀಲಾ?" ಎಂದು ಕೇಳಿ ತೆಗೆದವು ಉಳಿದಿವೆ. ಬೇಡ ಎಂದರೆ ಬೇಡ. ತೆಗೆದ ಮೇಲೆ ಪರದೆಯಲ್ಲಿ ತೋರಿಸಿ. ದೇವಸ್ಥಾನದಲ್ಲಿ ಕೇಳದೆ ಗರ್ಭಗುಡಿಯತ್ತ ಕ್ಯಾಮೆರಾ ಎತ್ತಬೇಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು.

9. ಕಾರ್ಡ್, ಮಳೆಗಾಲ, ಫಂಗಸ್

ಫೋಟೋ ಕಾರ್ಡಿಗೆ ಸೇರುತ್ತಿದೆ ಎಂದು ತೋರಿಸುವ ದೀಪ ಮಿಣುಕುವಾಗ ಕಾರ್ಡ್ ತೆಗೆಯಬೇಡಿ. ಫೋಟೋಗಳು ಅಳಿಸಿಹೋದರೆ ಆ ಕಾರ್ಡಿನಲ್ಲಿ ಮತ್ತೊಂದೂ ತೆಗೆಯಬೇಡಿ. ಹೊಸದು ಮೇಲೆ ಕೂರದಿದ್ದರೆ ರಿಕವರಿ ಸಾಫ್ಟ್‌ವೇರ್‌ನಿಂದ ಹಳೆಯವು ಸಿಗುವ ಸಾಧ್ಯತೆ ಇದೆ. ಎರಡು ಕಡೆ ಕಾಪಿ ಆಗುವವರೆಗೂ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದು ಕಾಪಿ ಎನಿಸಿಕೊಳ್ಳುವುದಿಲ್ಲ, ಅದು ಹಿಂಡಿ ಸಣ್ಣದು ಮಾಡಿದ್ದು. ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಅಕ್ಟೋಬರ್ ಕಂಟಕ. ಕ್ಯಾಮೆರಾವನ್ನು ಬ್ಯಾಗಿನಲ್ಲೇ ಮುಚ್ಚಿ ಬೀರುವಿನಲ್ಲಿ ಇಟ್ಟರೆ ಸೆಪ್ಟೆಂಬರಿಗೆ ಲೆನ್ಸಿನೊಳಗೆ ಬಲೆ ಹೆಣೆದಿರುತ್ತದೆ. ರಬ್ಬರ್ ಪಟ್ಟಿ ಇರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮೀಟರ್ ಇಡಿ. ಮೀಟರ್ 40ರಿಂದ 50 ತೋರಿಸಬೇಕು. 65 ದಾಟಿದರೆ ಜೆಲ್ ಕೆಲಸ ಮುಗಿದಿದೆ. ಕಿತ್ತಳೆ ಜೆಲ್ ಹಸಿರಾದಾಗ, ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಕಿತ್ತಳೆಯಾಗುವವರೆಗೆ ಬಿಸಿಮಾಡಿ. ನೀಲಿ ಜೆಲ್ ಬೇಡ, ಅದರಲ್ಲಿರುವ ಕೋಬಾಲ್ಟ್ ವಿಷಕಾರಿ. ಅಕ್ಕಿಯಲ್ಲಿ ಹುಗಿಯುವ ಉಪಾಯವೂ ಬೇಡ, ಹಿಟ್ಟಿನ ಧೂಳು ಸಂದಿಗಳಿಗೆ ಸೇರುತ್ತದೆ.

ಎಸಿ ಕೋಣೆಯಿಂದ ಸೆಕೆಯ ಹೊರಗೆ ಹೋಗುವಾಗ ಕ್ಯಾಮೆರಾ ಅರ್ಧ ಗಂಟೆ ಮುಚ್ಚಿದ ಬ್ಯಾಗಿನಲ್ಲೇ ಇರಲಿ. ಇಲ್ಲದಿದ್ದರೆ ಗಾಜಿನ ಮೇಲೆ ಹನಿ ಕೂರುತ್ತದೆ. ಲೆನ್ಸ್ ಒರೆಸುವಾಗ ಮೊದಲು ಬ್ಲೋವರ್, ಆಮೇಲೆ ಬಟ್ಟೆ. ಅಂಗಿಯ ತುದಿ, ಪಂಚೆಯ ತುದಿ ಬೇಡ. ಮರಳಿನ ಒಂದು ಕಣ ಇದ್ದರೂ ಗಾಜಿಗೆ ಗೀರು. ಸೆನ್ಸರನ್ನು ಏನಿಂದಲೂ ಮುಟ್ಟಬೇಡಿ.

10. ಹೊಸ ಲೆನ್ಸ್ ಯಾವಾಗ?

ಆರು ತಿಂಗಳು ಕಳೆಯಲಿ. ನಿಮಗೆ ಇಷ್ಟವಾದ ನೂರು ಫೋಟೋ ಆರಿಸಿ ಒಂದು ಫೋಲ್ಡರಿಗೆ ಹಾಕಿ. ಕಂಪ್ಯೂಟರಿನಲ್ಲಿ ಒಂದೊಂದರ ಪ್ರಾಪರ್ಟೀಸ್ ತೆರೆದರೆ ಎಷ್ಟು ಜೂಮ್, ಯಾವ ಶಟರ್, ಎಷ್ಟು ಐಎಸ್‌ಒ ಎಂದು ಬರೆದಿರುತ್ತದೆ. ಒಂದು ಹಾಳೆಯ ಮೇಲೆ ಗೆರೆ ಎಳೆಯುತ್ತಾ ಎಣಿಸಿ. ಹೆಚ್ಚಿನವು 30-50ರ ನಡುವೆ, ಐಎಸ್‌ಒ 3200 ಮೇಲೆ ಇದ್ದರೆ ನಿಮಗೆ ಬೇಕಾಗಿರುವುದು 35 ಎಫ್/1.8 ಅಥವಾ 50 ಎಫ್/1.8. ಕಿಟ್ ಲೆನ್ಸನ್ನು 55ಕ್ಕೆ ಎಳೆದಾಗ ಸಿಗುವ ಬೆಳಕಿನ ಒಂಬತ್ತರಿಂದ ಹತ್ತು ಪಟ್ಟು ಅದರಲ್ಲಿ ಸಿಗುತ್ತದೆ. ಎಲ್ಲವೂ 55ಕ್ಕೆ ಹೋಗಿ ನಿಂತು, ಫ್ರೇಮಿನಲ್ಲಿ ಹಕ್ಕಿ ಕಾಳಿನಷ್ಟು ಕಂಡಿದ್ದರೆ ಉದ್ದದ ಜೂಮ್. ಮೂರರಲ್ಲಿ ಎರಡು ಪಾಲು 18ರಲ್ಲೇ, ಹಗಲಲ್ಲೇ ತೆಗೆದಿದ್ದರೆ ಆ ದುಡ್ಡನ್ನು ಹಂಪಿಗೆ ಹೋಗಿಬರಲು ಇಟ್ಟುಕೊಳ್ಳಿ.